ಪೆನ್ನು ಕೆಳಗಿಟ್ಟ ಡಾಕ್ಟರು

ಅವತ್ತು ತರಬೇತಿಗೆ 14 ಜನ ಡಾಕ್ಟರು ಬಂದಿದ್ದರು. ಸಿಗರೇಟ್ ಸೇದುವ ರೋಗಿಗೆ ಒಂದೆರಡು ನಿಮಿಷದಲ್ಲಿ ಸಲಹೆ ಕೊಡುವುದು ಹೇಗೆ ಅಂತ ಹೇಳಿಕೊಡುವುದು ನನ್ನ ಕೆಲಸ. ನಾನು ಡಾಕ್ಟರಲ್ಲ, ಆಪ್ತಸಮಾಲೋಚಕಿ. ಹಾಗಾಗಿ ಮೊದಲ ಹತ್ತು ನಿಮಿಷ ಯಾವಾಗಲೂ ಸ್ವಲ್ಪ ಅಳುಕು.

ಹಿರಿಯರೊಬ್ಬರು ಶುರುವಿನಲ್ಲೇ ಹೇಳಿಬಿಟ್ಟರು. "ನೋಡಿ ಮೇಡಂ, ಬೆಳಗ್ಗೆ ಒಂದರಲ್ಲೇ 60 ಪೇಷಂಟ್ ನೋಡ್ತೀನಿ. ಉಪದೇಶ ಮಾಡ್ತಾ ಕೂತ್ರೆ ಆಗುತ್ತಾ? ಆದ್ರೂ ಬಿಡಿ ಅಂತ ಎಲ್ರಿಗೂ ಹೇಳ್ತೀನಿ. ಯಾರೂ ಬಿಡಲ್ಲ." ಉಳಿದವರೂ ಹೌದೌದು ಅಂದರು.

ನಾನು ವಾದಕ್ಕೆ ಹೋಗಲಿಲ್ಲ. ಬೋರ್ಡಿನ ಮೇಲೆ ಎರಡು ಅಂಕಿ ಬರೆದೆ: 0.3, 5.1. ಲಂಡನ್ನಿನ ಡಾಕ್ಟರುಗಳ ಹತ್ತಿರ ಬಂದ, ಸಿಗರೇಟ್ ಸೇದುವ ಎರಡು ಸಾವಿರಕ್ಕೂ ಜಾಸ್ತಿ ಜನರ ಮೇಲೆ ನಡೆದ ಅಧ್ಯಯನ ಅದು, 1979ರಲ್ಲಿ ಪ್ರಕಟವಾಯಿತು. ಏನೂ ಹೇಳದೆ ಕಳಿಸಿದ ಗುಂಪಿನಲ್ಲಿ ಒಂದು ತಿಂಗಳೊಳಗೆ ಬಿಟ್ಟು, ವರ್ಷದ ಕೊನೆಗೂ ಸೇದದೆ ಇದ್ದವರು ನೂರಕ್ಕೆ 0.3. ಡಾಕ್ಟರು ಒಂದೆರಡು ನಿಮಿಷ ಮಾತಾಡಿ, ಒಂದು ಕರಪತ್ರ ಕೊಟ್ಟು, ಮುಂದೆ ವಿಚಾರಿಸ್ತೀವಿ ಅಂತ ಹೇಳಿ ಕಳಿಸಿದ ಗುಂಪಿನಲ್ಲಿ 5.1.

"ನೂರಕ್ಕೆ ಐದೇನಾ?" ಅಂದರು ಕಿರಿಯ ಡಾಕ್ಟರೊಬ್ಬರು. ಹೌದು, ಐದೇ. ಆದರೆ ಒಬ್ಬ ಡಾಕ್ಟರು ವರ್ಷಕ್ಕೆ ಎಷ್ಟು ಜನರನ್ನು ನೋಡುತ್ತಾರೆ, ಲೆಕ್ಕ ಹಾಕಿ. ಇನ್ನೊಂದು ವಿಷಯ ಇದೆ. ಬಿಟ್ಟವರು "ಸಾರ್, ಬಿಟ್ಟೆ" ಅಂತ ಹೇಳೋಕೆ ಆಸ್ಪತ್ರೆಗೆ ಬರುವುದು ಅಪರೂಪ. ಬಿಡದವರು ಅದೇ ಕೆಮ್ಮು ಹೊತ್ತುಕೊಂಡು ಮತ್ತೆ ಮತ್ತೆ ಬರುತ್ತಾರೆ. ಯಾರೂ ಬಿಡಲ್ಲ ಅಂತ ಅನ್ನಿಸದೆ ಇನ್ನೇನು?

ಆಮೇಲೆ ಆ ಹಿರಿಯರ ಎದುರು ನಾನೇ ರೋಗಿಯಾಗಿ ಕೂತೆ. ಅವರು ಚೀಟಿ ಬರೆಯುತ್ತಾ, ತಲೆ ಎತ್ತದೆ, "ಸಿಗರೇಟ್ ಬಿಡ್ರೀ, ಇಲ್ಲಾಂದ್ರೆ ಶ್ವಾಸಕೋಶ ಹಾಳಾಗುತ್ತೆ" ಅಂದರು. ನಾಟಕ ಅಂತ ಗೊತ್ತಿದ್ದರೂ ನನಗೆ ಒಂಥರಾ ಆಯಿತು. "ಆಯ್ತು ಸಾರ್" ಅಂದು ಎದ್ದುಬಿಟ್ಟೆ. ಬೇರೆ ಏನು ಹೇಳಬೇಕೋ ತೋಚಲೇ ಇಲ್ಲ. ಸೇದುವವರಿಗೆ ಶ್ವಾಸಕೋಶದ ವಿಷಯ ಗೊತ್ತಿರುತ್ತದೆ. ಗೊತ್ತಿಲ್ಲದ್ದು, ಬಿಡೋಕೆ ಯಾರ ಸಹಾಯ ಕೇಳಬೇಕು ಅನ್ನೋದು.

ಎರಡನೇ ಸಲ ಮೂರೇ ಮಾತು ಇಟ್ಟುಕೊಂಡೆವು. ಸೇದ್ತೀರಾ ಅಂತ ಕೇಳುವುದು. ಔಷಧಿ ಮತ್ತು ಜೊತೆಗೊಬ್ಬರ ಬೆಂಬಲ ಇದ್ದರೆ ಬಿಡುವುದು ಸುಲಭವಾಗುತ್ತದೆ ಅಂತ ತಿಳಿಸುವುದು. ಆ ಸಹಾಯ ಈಗಲೇ ಬೇಕಾ ಅಂತ ಕೇಳುವುದು. ಕಿರಿಯ ಡಾಕ್ಟರು ಮೊಬೈಲಿನಲ್ಲಿ ಸಮಯ ನೋಡಿದರು. 40 ಸೆಕೆಂಡು ಕೂಡ ಆಗಿರಲಿಲ್ಲ.

ಮಧ್ಯಾಹ್ನ ಆ ಹಿರಿಯ ಡಾಕ್ಟರ ಓಪಿಡಿಯಲ್ಲಿ ಮೂಲೆಯ ಸ್ಟೂಲ್ ಮೇಲೆ ಕೂತಿದ್ದೆ. 50ರ ಆಸುಪಾಸಿನ ಒಬ್ಬರು ಕೆಮ್ಮುತ್ತಾ ಬಂದರು. ಡಾಕ್ಟರು ಎದೆ ಪರೀಕ್ಷಿಸಿ, ಚೀಟಿ ಬರೆಯೋಕೆ ಶುರು ಮಾಡಿದರು. ಅರ್ಧಕ್ಕೆ ನಿಲ್ಲಿಸಿ ಪೆನ್ನನ್ನು ಟೇಬಲ್ ಮೇಲಿಟ್ಟರು.

"ಸಿಗರೇಟ್ ಈಗಲೂ ಇದೆಯಾ?"

"ಇದೆ ಸಾರ್." ತಲೆ ತಗ್ಗಿತು.

"ಬಿಡೋಕೆ ಔಷಧಿ ಇದೆ. ಜೊತೆಗೆ ನಾವೂ ಇರ್ತೀವಿ. ನೋಡೋಣವಾ?"

ಆ ಮನುಷ್ಯ ಡಾಕ್ಟರನ್ನೇ ನೋಡಿದರು. "ಬೈತೀರಿ ಅಂದ್ಕೊಂಡಿದ್ದೆ ಸಾರ್. ಮೂರು ಸಲ ಬಿಟ್ಟಿದ್ದೆ. ನಾಲ್ಕನೇ ದಿನಕ್ಕೆ ತಲೆ ಕೆಟ್ಟು ಹೋಗುತ್ತೆ."

ಎಷ್ಟೋ ವರ್ಷದಿಂದ ಇದೇ ಡಾಕ್ಟರ ಹತ್ತಿರ ಬರುತ್ತಿದ್ದವರಂತೆ. ಆ ಮೂರು ಸಲದ ಕಥೆ ಹೊರಗೆ ಬಂದದ್ದು ಅವತ್ತೇ. ನನಗೆ ಗಂಟಲು ಕಟ್ಟಿತು.

ದಿನದ ಮೊದಲನೇ ಸಿಗರೇಟ್ ಯಾವಾಗ ಅಂತ ಡಾಕ್ಟರು ಕೇಳಿದರು. ಹಾಸಿಗೆ ಬಿಟ್ಟು ಏಳೋ ಮೊದಲೇ ಅಂದರು. ಎದ್ದ ಐದು ನಿಮಿಷದೊಳಗೆ ಬೇಕು ಅಂದರೆ ನಿಕೋಟಿನ್ ಹಿಡಿತ ಜೋರಾಗಿದೆ ಅಂತ ಅರ್ಥ. ಮನಸ್ಸು ಗಟ್ಟಿ ಇಲ್ಲ ಅಂತಲ್ಲ. ಅದನ್ನು ಅವರಿಗೆ ಬಿಡಿಸಿ ಹೇಳಿ, 4 ಮಿಲಿಗ್ರಾಂ ನಿಕೋಟಿನ್ ಗಮ್ ಬರೆದುಕೊಟ್ಟರು. ಇನ್ನೊಂದು ಮಾತೂ ಸೇರಿಸಿದರು. ಬ್ರಿಟನ್ನಿನಲ್ಲಿ 1951ರಿಂದ 50 ವರ್ಷ ಡಾಕ್ಟರುಗಳನ್ನೇ ಗಮನಿಸಿದಾಗ, 50ರ ವಯಸ್ಸಿಗೆ ಬಿಟ್ಟವರಿಗೂ, ಬಿಡದವರಿಗಿಂತ ಸುಮಾರು 6 ವರ್ಷ ಆಯಸ್ಸು ಹೆಚ್ಚು ಸಿಕ್ಕಿತ್ತು. "ಲೇಟಾಗಿಲ್ಲ" ಅಂದರು.

ಗಮ್ ಅಗಿಯುವುದನ್ನು ನಾನು ತೋರಿಸಿಕೊಟ್ಟೆ. ಸುಮ್ನೆ ಜಗಿಯುತ್ತಾ ಇರಬಾರದು. ನಿಧಾನಕ್ಕೆ ಅಗಿದು, ಬಾಯಲ್ಲಿ ಚುರುಗುಟ್ಟಿದ ತಕ್ಷಣ ಕೆನ್ನೆಯ ಒಳಗೆ ಒತ್ತರಿಸಿ ಇಡಬೇಕು. ಚುರುಚುರು ಕಮ್ಮಿಯಾದ ಮೇಲೆ ಮತ್ತೆ ಅಗಿಯಬೇಕು. ಅವರು ಖಾಲಿ ಬಾಯಲ್ಲೇ ಎರಡು ಸಲ ಮಾಡಿ ತೋರಿಸಿ, "ಹಿಂಗೆ ಅಲ್ವಾ?" ಅಂತ ಕೇಳಿದರು.

ಎರಡು ವಾರದ ಮೇಲೆ ಡಾಕ್ಟರ ಫೋನ್ ಬಂತು.

"ಮೇಡಂ, ಅವರು ನಾಲ್ಕನೇ ದಿನ ದಾಟಿದ್ರು. ಒಂಬತ್ತನೇ ದಿನ ಒಂದು ಸೇದಿದ್ರಂತೆ. ಹೇಳೋಕೆ ತಾವಾಗೇ ಬಂದಿದ್ರು."

"ನೀವೇನು ಹೇಳಿದ್ರಿ ಡಾಕ್ಟ್ರೇ?"

"ಗಮ್ ಎಷ್ಟು ಉಳಿದಿದೆ ಅಂತ ಕೇಳ್ದೆ."