ಎಡಗಡೆಯ ಫೋಟೋ

ನೀರಿನಿಂದ ಎದ್ದು ಬೋಟಿನ ಏಣಿ ಹಿಡಿದಿದ್ದೆ ಅಷ್ಟೇ. ಮೂಗು, ಬಾಯಿ ತುಂಬಾ ಉಪ್ಪುನೀರು. ಗೈಡ್ ಕೇಳಿದ ಮೊದಲ ಮಾತು: "ಎಡಗಡೆ ಸಿಕ್ತಾ?"

"ಎಡಗಡೆ ಏನು, ಮುಖಾನೇ ಸಿಕ್ತು!" ಅಂದೆ ನಾನು, ಹಲ್ಲು ಕಿರಿಯುತ್ತಾ.

"ಮುಖ ನೋಡಿ ಇವನ್ನ ಯಾರೂ ಗುರುತು ಹಿಡಿಯಲ್ಲ" ಎಂದು ಆತ ಟವೆಲ್ ಎಸೆದ.

ಮಾಲ್ಡೀವ್ಸ್‌ನ ದಕ್ಷಿಣ ಆರಿ ಅಟಾಲ್‌ನಲ್ಲಿ ಕಳೆದ ಒಂದು ದಿನದ ಕಥೆ ಇದು. ವೇಲ್ ಶಾರ್ಕ್ ನೋಡಬೇಕು ಅನ್ನುವ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ಬೇರೆ ಕಡೆ ಇವು ಸೀಸನ್ ನೋಡಿ ಬರುತ್ತವೆ. ಆಸ್ಟ್ರೇಲಿಯಾದ ನಿಂಗಲೂ ಹವಳದ ದಿಬ್ಬಕ್ಕೆ ಮಾರ್ಚ್ ಹೊತ್ತಿಗೆ, ಹವಳಗಳು ಮೊಟ್ಟೆ ಬಿಡುವ ಕಾಲಕ್ಕೆ, ಬರಲು ಶುರು ಮಾಡುತ್ತವೆ. ಇಲ್ಲಿ ಹಾಗಲ್ಲ, ವರ್ಷವಿಡೀ ಇರುತ್ತವೆ. ಹಾಗಂತ ಹೋದ ಕೂಡಲೇ ಸಿಗುತ್ತವೆ ಅಂದುಕೊಂಡಿದ್ದು ನನ್ನ ತಪ್ಪು.

ಬೋಟಿನ ಚಾವಣಿ ಮೇಲೆ ಇಬ್ಬರು ನಿಂತು ನೀರನ್ನೇ ದಿಟ್ಟಿಸುತ್ತಿದ್ದರು. ಒಂದು ಗಂಟೆ, ಎರಡು ಗಂಟೆ. ತಿಮಿಂಗಿಲವಾದರೆ ಉಸಿರಾಡಲು ಮೇಲೆ ಬರಲೇಬೇಕು, ಚಿಮ್ಮುವ ನೀರು ನೋಡಿ ಪತ್ತೆ ಹಚ್ಚಬಹುದು. ಇದು ಹೆಸರಿಗೆ ಮಾತ್ರ ವೇಲ್. ಕಿವಿರಿನಲ್ಲಿ ಉಸಿರಾಡುವ ಅಪ್ಪಟ ಮೀನು. ಮೇಲೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಹುಡುಕುವುದು ಒಂದು ನೆರಳನ್ನು. ನಡುವೆ ಮೂರು ಸಲ ನಾನೇ "ಅಲ್ಲಿ!" ಎಂದು ಕೂಗಿದ್ದೆ. ಒಂದು ಸಲ ಅದು ಮೋಡದ ನೆರಳು, ಇನ್ನೆರಡು ಸಲ ಹವಳದ ಬಂಡೆ. ಆಮೇಲೆ ಸುಮ್ನೆ ಕೂತೆ.

ಗೈಡ್ ಅಷ್ಟರಲ್ಲಿ ನಿಯಮ ಹೇಳಿದ. ಮೈಯಿಂದ 3 ಮೀಟರ್ ದೂರ, ಬಾಲದಿಂದ 4 ಮೀಟರ್. ಮುಟ್ಟಬೇಡಿ, ಫ್ಲ್ಯಾಶ್ ಹಾಕಬೇಡಿ, ಎದುರಿಗೆ ಅಡ್ಡ ಹೋಗಬೇಡಿ. ತಲೆಯಾಡಿಸಿದೆ. ಎಷ್ಟು ಕೇಳಿಸಿಕೊಂಡೆ ಅನ್ನುವುದು ಆಮೇಲೆ ಗೊತ್ತಾಯಿತು.

ಚಾವಣಿಯಿಂದ ಸಿಳ್ಳೆ ಬಂತು. "ಹೋಗಿ, ಹೋಗಿ!" ಧುಮುಕಿದೆ. ಮೊದಲು ಬರೀ ಗುಳ್ಳೆ. ಗುಳ್ಳೆ ಕರಗಿದಾಗ ಕೆಳಗೆ ಚುಕ್ಕಿಗಳು ಕಂಡವು. ಮೀನು ಕಾಣಲಿಲ್ಲ, ಚುಕ್ಕಿಗಳಷ್ಟೇ ಸಾಲಾಗಿ ಸರಿದು ಹೋಗುತ್ತಿದ್ದವು. ಅವುಗಳ ಸುತ್ತ ಮೈ ಮೂಡಲು ಒಂದೆರಡು ಕ್ಷಣ ಬೇಕಾಯಿತು. ಬೂದು ಬೆನ್ನು, ಅದರ ಮೇಲೆ ಉದ್ದುದ್ದ ಏಣುಗಳು, ಬಿಳಿ ಚುಕ್ಕಿ, ಚುಕ್ಕಿಗಳ ನಡುವೆ ತೆಳು ಗೆರೆ. ಸುಮಾರು 6 ಮೀಟರ್ ಇದ್ದಿರಬೇಕು. ಜಗತ್ತಿನ ಅತಿ ದೊಡ್ಡ ಮೀನಿನ ಜಾತಿಯಲ್ಲಿ ಇದು ಹರೆಯದ ಹುಡುಗ. ಇವು ಪ್ರಾಯಕ್ಕೆ ಬರುವಾಗ 8-9 ಮೀಟರ್ ಆಗುತ್ತವೆ, ತೀರಾ ದೊಡ್ಡವು 18 ಮೀಟರ್ ದಾಟಿದ್ದೂ ಇದೆ. ಹುಡುಗ ಅಂತ ಸುಮ್ನೆ ಹೇಳಿದ್ದಲ್ಲ. ದಕ್ಷಿಣ ಆರಿಯಲ್ಲಿ ಕಾಣುವವು ಹೆಚ್ಚೂಕಡಿಮೆ ಎಲ್ಲವೂ ಎಳೆಯ ಗಂಡುಗಳೇ. ದೊಡ್ಡ ಹೆಣ್ಣುಗಳನ್ನು ನೋಡಬೇಕಾದರೆ ಗಲಪಗೋಸ್‌ನ ಡಾರ್ವಿನ್ ದ್ವೀಪದಂಥ ಕಡೆ ಹೋಗಬೇಕು.

ನನಗೆ ಬೇಕಾಗಿದ್ದು ಆ ಬಾಯಿ. ಚಿತ್ರಗಳಲ್ಲೆಲ್ಲ ಬಾವಿಯ ಹಾಗೆ ತೆರೆದಿರುತ್ತದಲ್ಲ, ಅದು. ಕಾಲು ಬಡಿದು ಮುಂದೆ ಹೋದೆ. ಬಾಯಿ ಮುಚ್ಚಿತ್ತು. ಹಸಿವಿಲ್ಲದವನ ಹಾಗೆ ಆರಾಮಾಗಿ ತೇಲುತ್ತಿತ್ತು. ಇಲ್ಲಿ ಮೇಲೆ ಕಾಣುವವು ತಿನ್ನುತ್ತಿರುವುದು ಕಡಿಮೆಯಂತೆ. ಈ ಮೀನುಗಳು 1,900 ಮೀಟರಿಗೂ ಆಳಕ್ಕೆ ಇಳಿದದ್ದು ದಾಖಲಾಗಿದೆ. ಅಲ್ಲಿ ನೀರು ಕೊರೆಯುವಷ್ಟು ತಣ್ಣಗೆ. ಮೇಲೆ ಬಂದು ಮೈ ಬೆಚ್ಚಗೆ ಮಾಡಿಕೊಳ್ಳುತ್ತವೆ ಅನ್ನುವುದು ತಜ್ಞರ ಊಹೆ. ಬಿಸಿಲು ಕಾಯಿಸಲು ಬಂದವನ ಎದುರು ನಾನು "ಆ ಅನ್ನು" ಎಂದು ಕ್ಯಾಮೆರಾ ಹಿಡಿದಿದ್ದೆ!

ತಿನ್ನುವಾಗಿನ ಕೆಲಸ ಮಾತ್ರ ಸಣ್ಣದಲ್ಲ. ಮೆಕ್ಸಿಕೋದ ಯುಕಟಾನ್ ಬಳಿ ಅಳೆದು ನೋಡಿದ್ದಾರೆ. 6 ಮೀಟರ್ ಚಿಲ್ಲರೆ ಉದ್ದದ ಒಂದು ಶಾರ್ಕ್, ಮೇಲ್ಮೈಯಲ್ಲಿ ಬಾಯಿ ತೆರೆದು ಈಜುವಾಗ, ಗಂಟೆಗೆ ಸುಮಾರು 6 ಲಕ್ಷ ಲೀಟರ್ ನೀರು ಸೋಸುತ್ತದೆ. ಬಾಯಿಯ ಒಳಗೆ 20 ಜರಡಿಗಳಿವೆ. ನೀರು ಜರಡಿಗೆ ನೇರ ಗುದ್ದುವುದಿಲ್ಲ, ಅದರ ಮೇಲೆ ಸವರಿಕೊಂಡು ಹೋಗುತ್ತದೆ. ಹಾಗಾಗಿ ಕಣಗಳು ತೂತಿಗೆ ಸಿಕ್ಕಿಕೊಳ್ಳದೆ ಗಂಟಲಿನ ಕಡೆಗೇ ಉರುಳುತ್ತವೆ. ಅಷ್ಟಾದರೂ ಕಟ್ಟಿಕೊಂಡರೆ ಒಂದು ಸಲ ಕೆಮ್ಮಿ ಹೊರಗೆ ಹಾಕುತ್ತದೆ. ಕೆಮ್ಮುವ ಮೀನು! ಹಲ್ಲುಗಳೂ ಸಾವಿರಗಟ್ಟಲೆ ಇವೆ, ತಿನ್ನುವುದಕ್ಕೆ ಬಳಸುವುದಿಲ್ಲ ಅಷ್ಟೇ.

ಬಾಯಿ ತೆರೆಯದಿದ್ದರೂ ಬಿಡಲಿಲ್ಲ ನಾನು. ಪಕ್ಕದಲ್ಲೇ ಈಜುತ್ತಾ ಕಣ್ಣಿನ ಫೋಟೋ ತೆಗೆಯಲು ಹೊರಟೆ. ಒಂದು ದುಂಡನೆಯ ಕಪ್ಪು ಗುರುತಿಗೆ ಕ್ಯಾಮೆರಾ ಹಿಡಿದು ಐದಾರು ಸಲ ಒತ್ತಿದೆ. ಅದು ಕಣ್ಣಲ್ಲ, ಕಣ್ಣಿನ ಹಿಂದಿನ ತೂತು ಎಂದು ತಿಳಿದದ್ದು ಇನ್ನೂ ಹತ್ತಿರ ಹೋದಾಗ. ನಿಜವಾದ ಕಣ್ಣು ಇನ್ನೂ ಮುಂದೆ, ಅಗಲ ಬಾಯಿಯ ಮೂಲೆಗೆ ಅಂಟಿಕೊಂಡ ಹಾಗೆ ಇತ್ತು. ಅಷ್ಟು ದೊಡ್ಡ ತಲೆಗೆ ಎಷ್ಟು ಚಿಕ್ಕ ಕಣ್ಣು ಅಂತೀರಿ! ಅದನ್ನು ಹುಡುಕುತ್ತಾ ತೀರಾ ಹತ್ತಿರ ಹೋಗಿಬಿಟ್ಟಿದ್ದೆ. ನನ್ನ ಕೈ ಮುಂದೆ ಚಾಚಿದ್ದೇ ತಡ, ಕಣ್ಣು ಒಳಗೆ ಹೋಯಿತು. ರೆಪ್ಪೆ ಮುಚ್ಚಲಿಲ್ಲ, ಇವಕ್ಕೆ ರೆಪ್ಪೆ ಇಲ್ಲ. ಕಣ್ಣುಗುಡ್ಡೆಯೇ ಗೂಡಿನೊಳಗೆ ಜಾರಿ, ಇದ್ದ ಜಾಗ ಬೆಳ್ಳಗಾಯಿತು. ಮರುಕ್ಷಣ ಹೊರಗೆ ಬಂತು. ಜಪಾನಿನ ಸಂಶೋಧಕರು 2020ರಲ್ಲಿ ಕಂಡುಕೊಂಡ ಹಾಗೆ, ಆ ಕಣ್ಣಿನ ಮೇಲೂ ಹಲ್ಲಿನಂಥ ಪುಟ್ಟ ಹುರುಪೆಗಳಿವೆ. ರೆಪ್ಪೆ ಇಲ್ಲದ ಕಣ್ಣಿಗೆ ಅದೇ ಕವಚ.

ಅದನ್ನೇ ನೋಡುತ್ತಾ ಇದ್ದವನ ಕಾಲನ್ನು ಯಾರೋ ಹಿಡಿದು ಎಳೆದರು. ಗೈಡ್. ನಾನು ಅದರ ದಾರಿಗೆ ಅಡ್ಡ ಬಂದಿದ್ದೆ. ಶಾರ್ಕ್ ಸಿಟ್ಟು ಮಾಡಲಿಲ್ಲ, ಹೆದರಲೂ ಇಲ್ಲ. ತಲೆ ಸ್ವಲ್ಪ ಕೆಳಗೆ ಮಾಡಿತು, ಬಾಲ ಒಂದು ಸಲ ಬೀಸಿತು, ಕೆಳಗಿನ ನೀಲಿಗೆ ಇಳಿದು ಹೋಯಿತು. ನನ್ನಿಂದ ಉಳಿದವರಿಗೂ ಅದು ತಪ್ಪಿಹೋಯಿತು. ಬೋಟಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಆಗಲೇ ಗೈಡ್ ಎಡಗಡೆಯ ಲೆಕ್ಕ ಬಿಡಿಸಿ ಹೇಳಿದ್ದು. ಕಿವಿರುಗಳ ಹಿಂದೆ, ಎಡ ಮಗ್ಗುಲಿನ ಚುಕ್ಕಿಗಳು ಒಂದಕ್ಕಿದ್ದ ಹಾಗೆ ಇನ್ನೊಂದಕ್ಕೆ ಇರುವುದಿಲ್ಲ. ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಎರಡು ಮಗ್ಗುಲಿನ ಚುಕ್ಕಿಗಳೂ ಬೇರೆ ಬೇರೆ, ಹಾಗಾಗಿ ಎಲ್ಲರೂ ಎಡಗಡೆಯನ್ನೇ ತೆಗೆಯೋಣ ಎಂದು ಒಪ್ಪಿಕೊಂಡಿದ್ದಾರೆ. ಅವನ್ನು ಹೋಲಿಸಿ ನೋಡುವ ಸಾಫ್ಟ್‌ವೇರ್‌ನ ಲೆಕ್ಕ ಮೂಲದಲ್ಲಿ ಆಕಾಶದ ನಕ್ಷತ್ರಗಳನ್ನು ಹೊಂದಿಸಲು ಮಾಡಿದ್ದು. ಕಪ್ಪು ಹಿನ್ನೆಲೆ, ಬಿಳಿ ಚುಕ್ಕಿ, ಮೂರು ಮೂರು ಚುಕ್ಕಿ ಸೇರಿಸಿ ತ್ರಿಕೋನ. ನಕ್ಷತ್ರವಾದರೇನು, ಮೀನಾದರೇನು, ಅಲ್ವಾ?

"ಬೆನ್ನಿನ ರೆಕ್ಕೆಯ ತುದಿ ಹೋಗಿತ್ತು, ನೋಡಿದ್ರಾ? ಅದನ್ನು ಗುರುತು ಅಂತ ಇಟ್ಟುಕೊಳ್ಳಬಾರದಾ?" ಅಂದೆ.

"ಬೋಟಿನ ಪ್ರೊಪೆಲ್ಲರ್ ಇರಬೇಕು. ಇಲ್ಲಿ ಬಹಳಷ್ಟಕ್ಕೆ ಇಂಥ ಗಾಯ ಇವೆ. ಆದ್ರೆ ಅದನ್ನ ನಂಬೋ ಹಾಗಿಲ್ಲ. ಗಾಯ ಮಾಯುತ್ತೆ, ರೆಕ್ಕೆ ಸ್ವಲ್ಪ ಮಟ್ಟಿಗೆ ಮತ್ತೆ ಬೆಳೆಯೋದೂ ಉಂಟು. ಚುಕ್ಕಿ ಬದಲಾಗಲ್ಲ."

ನಾವು ಕೂತಿದ್ದದ್ದೂ ಬೋಟಿನಲ್ಲೇ. ಎಂಜಿನ್ ಶುರುವಾದಾಗ ನನಗೆ ಮೊದಲು ನೆನಪಾದದ್ದು ಆ ರೆಕ್ಕೆ.

ರಾತ್ರಿ ಫೋಟೋಗಳನ್ನು ಒಂದೊಂದಾಗಿ ನೋಡಿದೆ. 43 ಇದ್ದವು. ಹೆಚ್ಚಿನವು ಗುಳ್ಳೆ, ನನ್ನದೇ ಬೆರಳು, ಕಣ್ಣು ಅಂದುಕೊಂಡ ತೂತು. ಕೊನೆಯದೊಂದು, ಗೈಡ್ ಕಾಲು ಎಳೆದಾಗ ತಾನಾಗಿ ಕ್ಲಿಕ್ ಆದದ್ದು. ಓರೆಯಾಗಿದೆ, ಚೂರು ಮಸುಕು. ಆದರೆ ಐದು ಕಿವಿರು ಸೀಳುಗಳು, ಹಿಂದೆ ಚುಕ್ಕಿಗಳು, ಹೊಟ್ಟೆಯ ಕೆಳಗೆ ಅಂಟಿಕೊಂಡು ಪುಕ್ಕಟೆ ಸವಾರಿ ಮಾಡುತ್ತಿದ್ದ ಒಂದು ರೆಮೊರಾ ಮೀನು, ಎಲ್ಲ ಇವೆ. ಎಡಗಡೆ! ಅದನ್ನೇ ಗೈಡ್‌ಗೆ ಕಳಿಸಿದೆ, ಸಾರಿಯ ಜೊತೆ.

ಕೆಲವು ವಾರ ಬಿಟ್ಟು ಉತ್ತರ ಬಂತು. ಚುಕ್ಕಿ ಹೊಂದಿತ್ತು. ಹೊಸ ಶಾರ್ಕ್ ಅಲ್ಲ, ಮೊದಲೂ ಇದೇ ದಿಬ್ಬದ ಅಂಚಿನಲ್ಲಿ ಕಂಡಿದ್ದವನೇ. ಜೊತೆಗೆ ಎರಡು ವರ್ಷ ಹಿಂದಿನ ಒಂದು ಫೋಟೋ ಇತ್ತು. ನನ್ನದರ ಪಕ್ಕ ಇಟ್ಟು ನೋಡಿದೆ. ಅದೇ ಚುಕ್ಕಿಗಳು, ಅದೇ ಗೆರೆಗಳು. ಆ ಫೋಟೋದಲ್ಲಿ ಬೆನ್ನಿನ ರೆಕ್ಕೆ ತುದಿಯವರೆಗೂ ಪೂರ್ತಿ ಇತ್ತು.