ಎರಡು ಕಡೆಯ ವಾದ ಸಾಲದು: ಗಡಿನಾಡಿನ ಚರಿತ್ರೆ ತರಗತಿಯಿಂದ

ಕಾಸರಗೋಡಿನ ಒಂದು ಸರಕಾರಿ ಪ್ರೌಢಶಾಲೆಯ ಕನ್ನಡ ವಿಭಾಗದಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಪಠ್ಯಪುಸ್ತಕ ತಿರುವನಂತಪುರದಲ್ಲಿ ರೂಪುಗೊಂಡು, ಕನ್ನಡಕ್ಕೆ ಅನುವಾದಗೊಂಡು ನಮ್ಮ ಕೈಗೆ ಬರುತ್ತದೆ. ನನ್ನ ವಿದ್ಯಾರ್ಥಿಗಳ ಅಜ್ಜನ ಮನೆ, ಅತ್ತೆಯ ಮನೆಗಳು ಪುತ್ತೂರು, ವಿಟ್ಲ, ಸುಳ್ಯದ ಕಡೆ. ಅಲ್ಲಿನ ಓರಗೆಯ ಮಕ್ಕಳು ಓದುವುದು ಕರ್ನಾಟಕದ ಪುಸ್ತಕ. ರಜೆಯಲ್ಲಿ ಎರಡು ರಾಜ್ಯಗಳ ಚರಿತ್ರೆ ಒಂದೇ ಜಗಲಿಯ ಮೇಲೆ ಮುಖಾಮುಖಿಯಾಗುತ್ತದೆ. ಚರಿತ್ರೆಯನ್ನು ಯಾರ ಕಣ್ಣಿನಿಂದ ಕಲಿಸಬೇಕು ಎಂಬ ಚರ್ಚೆ ಬೇರೆ ಊರುಗಳಲ್ಲಿ ವಿಚಾರಸಂಕಿರಣದಲ್ಲಿ ನಡೆಯಬಹುದು, ನಮ್ಮಲ್ಲಿ ಓಣಂ ರಜೆ ಕಳೆದು ಬಂದ ಹುಡುಗಿಯೊಬ್ಬಳು ಕೈ ಎತ್ತಿ, "ಟೀಚರ್, ಶಿವಪ್ಪ ನಾಯಕ ನಮ್ಮವನೇ, ಹೊರಗಿನವನೇ?" ಎಂದು ಕೇಳುತ್ತಾಳೆ.

ಈಚಿನ ವರ್ಷಗಳಲ್ಲಿ ಪಠ್ಯದ ಗದ್ದಲ ಎಲ್ಲ ಕಡೆಯೂ ಎದ್ದಿದೆ. 2022ರಲ್ಲಿ ಕರ್ನಾಟಕದಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯ ಪರಿಷ್ಕರಣೆ ದೊಡ್ಡ ವಿವಾದವಾಯಿತು. ಮರುವರ್ಷ ಸರಕಾರ ಬದಲಾದ ಮೇಲೆ ಆ ಸಮಿತಿ ಸೇರಿಸಿದ್ದ ಕೆಲವು ಪಾಠಗಳು ಹೊರಬಿದ್ದವು. 2023ರಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯ ಹನ್ನೆರಡನೇ ತರಗತಿಯ ಪುಸ್ತಕಗಳಲ್ಲಿ ಮೊಘಲ್ ದರ್ಬಾರಿನ ಅಧ್ಯಾಯವೂ ಗಾಂಧಿ ಹತ್ಯೆಗೆ ಸಂಬಂಧಿಸಿದ ವಾಕ್ಯಗಳೂ ಇಲ್ಲವಾದದ್ದು ಸುದ್ದಿಯಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ, ಹಾಗೆ ಕೈಬಿಟ್ಟ ಭಾಗಗಳನ್ನು ಒಳಗೊಂಡ ಪೂರಕ ಪಠ್ಯವನ್ನು ಕೇರಳ ಸರಕಾರ ಹೈಯರ್ ಸೆಕೆಂಡರಿಗೆ ಹೊರತಂದಿತು. ಹಾಗೆ ಮಾಡಿದ್ದು ಸರಿ ಎಂದೇ ನನ್ನ ನಿಲುವು. ನಡೆದುಹೋದದ್ದನ್ನು ಪುಸ್ತಕದಿಂದ ಕಿತ್ತರೆ ಅದು ನಡೆಯಲಿಲ್ಲ ಎಂದಾಗುವುದಿಲ್ಲ. ಆದರೆ ಕಿತ್ತದ್ದನ್ನು ಮರಳಿ ಅಂಟಿಸಿದ ಮಾತ್ರಕ್ಕೆ ಪಕ್ಷಪಾತದ ಪ್ರಶ್ನೆ ಮುಗಿಯುವುದೂ ಇಲ್ಲ. ಇದು ನನಗೆ ಮನದಟ್ಟಾದದ್ದು ನಮ್ಮದೇ ಊರಿನ ಚರಿತ್ರೆಯನ್ನು ಬರೆಯಲು ಕುಳಿತಾಗ.

ನಮ್ಮ ಉಪಜಿಲ್ಲೆಯ ಕೆಲವು ಅಧ್ಯಾಪಕರು ಸೇರಿ ಪ್ರಾದೇಶಿಕ ಚರಿತ್ರೆಯ ಒಂದು ಪೂರಕ ಹಾಳೆ ಸಿದ್ಧಪಡಿಸುವುದೆಂದು ತೀರ್ಮಾನವಾಗಿತ್ತು. ಮಲೆಯಾಳ ವಿಭಾಗದವರೂ ಇದ್ದರು, ಕನ್ನಡದವರೂ ಇದ್ದರು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರೆಯಾಗಿ ಕೇರಳಕ್ಕೆ ಸೇರಿದ ವಿಷಯಕ್ಕೆ ಬಂದಾಗ ಕೋಣೆ ಬಿಸಿಯೇರಿತು. ಒಂದು ಕರಡಿನಲ್ಲಿ ಕಲಿಕಾ ಸಾಧನೆ, ಎಂದರೆ ಪಾಠದಿಂದ ಮಕ್ಕಳು ಕಲಿಯಬೇಕಾದದ್ದು, ಹೀಗಿತ್ತು: "ಐಕ್ಯ ಕೇರಳ ರೂಪುಗೊಂಡುದರ ಮಹತ್ವವನ್ನು ಮಕ್ಕಳು ಮೆಚ್ಚಿಕೊಳ್ಳುತ್ತಾರೆ." ನಮ್ಮ ಕಡೆಯ ಹಿರಿಯ ಮಾಸ್ತರರೊಬ್ಬರು ಅದನ್ನು ಹೊಡೆದುಹಾಕಿ ಬರೆದರು: "ಕಾಸರಗೋಡಿನ ಕನ್ನಡಿಗರಿಗೆ ಆದ ಅನ್ಯಾಯವನ್ನು ಮಕ್ಕಳು ಮನಗಾಣುತ್ತಾರೆ." ಅವರ ನೋವು ನನಗೆ ಹೊಸದಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕೊನೆಯವರೆಗೆ ಹೊತ್ತು ತಿರುಗಿದ ನೋವು ಅದು, ನನ್ನ ಮನೆಯಲ್ಲೂ ಇದ್ದದ್ದೇ. ಆದರೂ ಎರಡೂ ವಾಕ್ಯಗಳು ಮಗು ಬಾಗಿಲು ದಾಟುವ ಮೊದಲೇ ತೀರ್ಪು ಬರೆದಿಟ್ಟಿದ್ದವು.

ಆಮೇಲೆ ಶುರುವಾದದ್ದು ಎಣಿಕೆ. ಕನ್ನಡ ಹೋರಾಟಕ್ಕೆ ಎಷ್ಟು ಸಾಲು, ಮಲೆಯಾಳ ನಾಡುಗಳೆಲ್ಲ ಒಂದು ರಾಜ್ಯವಾಗಬೇಕೆಂದ ಐಕ್ಯ ಕೇರಳ ಚಳವಳಿಗೆ ಎಷ್ಟು ಸಾಲು, ಯಾರ ಚಿತ್ರ ದೊಡ್ಡದು, ಯಾರದು ಸಣ್ಣದು. ಇದೇ ಎಣಿಕೆ ಅಮೆರಿಕದಲ್ಲಿ ರಾಷ್ಟ್ರಮಟ್ಟದಲ್ಲಿ ನಡೆದದ್ದನ್ನು ನಾನು ಓದಿದ್ದೆ. 1994ರಲ್ಲಿ ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯವೊಂದರ ಕೇಂದ್ರ ಶಾಲಾ ಚರಿತ್ರೆಗೆ ರಾಷ್ಟ್ರೀಯ ಮಾನದಂಡಗಳನ್ನು ರೂಪಿಸಿತು. ಆ ಯೋಜನೆಗೆ ಹಣ ಕೊಟ್ಟ ಸಂಸ್ಥೆಯ ಮುಖ್ಯಸ್ಥೆಯಾಗಿದ್ದ ಲಿನ್ ಚೇನಿಯವರೇ, ಮಾನದಂಡ ಹೊರಬರುವ ಮುನ್ನ ಪತ್ರಿಕೆಯಲ್ಲಿ ಲೇಖನ ಬರೆದು ಖಂಡಿಸಿದರು. ಗುಲಾಮರನ್ನು ಬಿಡಿಸಿದ ಕಪ್ಪು ಮಹಿಳೆ ಹ್ಯಾರಿಯೆಟ್ ಟಬ್‌ಮನ್ ಹೆಸರು ಆರು ಸಲ ಬಂದಿದೆ, ಅಂತರ್ಯುದ್ಧದ ಸೇನಾಪತಿಯೂ ಮುಂದೆ ಅಧ್ಯಕ್ಷನೂ ಆದ ಯುಲಿಸಿಸ್ ಗ್ರಾಂಟ್ ಹೆಸರು ಒಂದೇ ಸಲ ಎಂಬುದು ಅವರ ದೂರುಗಳಲ್ಲಿ ಒಂದು. 1995ರ ಜನವರಿಯಲ್ಲಿ ಸೆನೆಟ್ 99–1 ಮತಗಳಿಂದ ಆ ಮಾನದಂಡಗಳನ್ನು ತಿರಸ್ಕರಿಸಿತು. ಎಣಿಕೆಗೆ ಸಿಕ್ಕ ಹೆಸರುಗಳಲ್ಲಿ ಹೆಚ್ಚಿನವು ಮೂಲ ಮಾನದಂಡದಲ್ಲಿ ಇರಲಿಲ್ಲ. ಅಧ್ಯಾಪಕರಿಗೆಂದು ಕೊಟ್ಟ ಚಟುವಟಿಕೆಯ ಮಾದರಿಗಳಲ್ಲಿ ಇದ್ದವು. 1996ರ ಪರಿಷ್ಕೃತ ಆವೃತ್ತಿಯಲ್ಲಿ ಆ ಮಾದರಿಗಳನ್ನೇ ತೆಗೆದುಹಾಕಿದರು. ತರಗತಿಯಲ್ಲಿ ನಿಲ್ಲುವ ನನ್ನಂಥವಳಿಗೆ ನಿಜಕ್ಕೂ ಬೇಕಾಗಿದ್ದದ್ದು ಆ ಮಾದರಿಗಳೇ. ಹೆಸರು ಎಣಿಸುವ ಜಗಳದಲ್ಲಿ ಮೊದಲು ಬಲಿಯಾಗುವುದು ಪಾಠ ಎಂದು ನಾನು ಅಂದು ಕೋಣೆಯಲ್ಲಿ ಹೇಳಿದೆ.

ಮಲೆಯಾಳ ವಿಭಾಗದ ಮಾಷ್ ಒಬ್ಬರು ಕೇಳಿದರು: "ಹಾಗಾದರೆ ಟೀಚರೇ, ಸಾಲು ಎಣಿಸದೆ ನ್ಯಾಯ ಹೇಗೆ ನೋಡುವುದು?"

ನನ್ನ ಉತ್ತರ ಎರಡು ವರದಿಗಳು. ಫಜಲ್ ಅಲಿ ನೇತೃತ್ವದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ಕಾಸರಗೋಡು ತಾಲೂಕನ್ನು ಇಡಿಯಾಗಿ ತೆಗೆದುಕೊಂಡು, ಅಲ್ಲಿ ಮಲೆಯಾಳ ಮಾತನಾಡುವವರೇ ಹೆಚ್ಚು ಎಂಬ ಕಾರಣ ಹೇಳಿ ಕೇರಳಕ್ಕೆ ಸೂಚಿಸಿತು. ರಾಜ್ಯಗಳ ಗಡಿ ತಕರಾರು ನೋಡಲು ನೇಮಕವಾದ ಮೆಹರ್‌ಚಂದ್ ಮಹಾಜನ್ ಆಯೋಗ 1967ರಲ್ಲಿ ಅದೇ ನೆಲವನ್ನು ಚಂದ್ರಗಿರಿ, ಪಯಸ್ವಿನಿ ಹೊಳೆಗಳ ಗೆರೆಯಲ್ಲಿ ವಿಂಗಡಿಸಿ ನೋಡಿ, ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಹೋಗಬೇಕೆಂದಿತು. ಕೇರಳ ಅದನ್ನು ಒಪ್ಪಲಿಲ್ಲ, ವರದಿ ಜಾರಿಗೂ ಬರಲಿಲ್ಲ. ಒಂದೇ ನೆಲ, ಒಂದೇ ಜನ, ಎರಡು ತೀರ್ಮಾನ. ಇದಕ್ಕೆ ಕಾರಣ ಹುಡುಕುವುದು ಒಂಬತ್ತನೇ ತರಗತಿಯ ಮಗುವಿಗೆ ಮೀರಿದ ಕೆಲಸವೇನೂ ಅಲ್ಲ. ಕೊನೆಗೆ ಕಲಿಕಾ ಸಾಧನೆಯನ್ನು ಹೀಗೆ ಬರೆದೆವು: "1955ರ ಮತ್ತು 1967ರ ವರದಿಗಳು ಬೇರೆ ಬೇರೆ ತೀರ್ಮಾನಕ್ಕೆ ಬರಲು ಕಾರಣಗಳನ್ನು ಮಕ್ಕಳು ವಿವರಿಸುತ್ತಾರೆ." ಹಿರಿಯ ಮಾಸ್ತರರು ತುಂಬ ಹೊತ್ತು ಸುಮ್ಮನಿದ್ದು, "ಮಹಾಜನ್ ವರದಿ ಹಾಳೆಯಲ್ಲಿ ಇರುತ್ತದೆ ತಾನೇ? ಹಾಗಾದರೆ ಆಗಲಿ" ಎಂದರು.

ತರಗತಿಯಲ್ಲಿ ಈ ಪಾಠ ನಾನು ಎಣಿಸಿದ್ದಕ್ಕಿಂತ ಬಹಳ ಮುಂದೆ ಹೋಯಿತು. ಮೊದಲ ದಿನವೇ ಹುಡುಗನೊಬ್ಬ ಫಜಲ್ ಅಲಿ ಆಯೋಗದ ಸದಸ್ಯರಲ್ಲಿ ಕೆ.ಎಂ. ಪಣಿಕ್ಕರ್ ಕೇರಳದವರಲ್ಲವೇ ಎಂದು ಕೇಳಿದ. ಹೌದು, ಕೇರಳದವರೇ. ಆ ಮಾತನ್ನು ಅವನು ಮನೆಯಲ್ಲಿ ಕೇಳಿ ಬಂದಿದ್ದ. ನಮ್ಮ ಊರಿನಲ್ಲಿ ಅದನ್ನು ಕೇಳದವರು ಕಡಿಮೆ. ಬರೆದವರ ಊರು ಯಾವುದೆಂದು ತಿಳಿಯುವುದು ವರದಿಯನ್ನು ಇನ್ನಷ್ಟು ಜಾಗ್ರತೆಯಿಂದ ಓದಲು ಕಾರಣವಾಗುತ್ತದೆಯೇ ಹೊರತು, ವರದಿ ತಪ್ಪೆನ್ನಲು ಅದೊಂದೇ ಸಾಕ್ಷಿಯಾಗುವುದಿಲ್ಲ ಎಂದೆ. ಇನ್ನಿಬ್ಬರು ಸದಸ್ಯರು ಯಾರು, ಅವರೂ ಸಹಿ ಹಾಕಿದ್ದಾರಲ್ಲ, ಅವರ ಕಾರಣವೇನು ಎಂದು ಮಕ್ಕಳೇ ಮುಂದುವರಿಸಿದರು.

ಆಗ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ನಮ್ಮ ಮನೆಯಲ್ಲಿ ತುಳು, ಟೀಚರ್. ನಮ್ಮನ್ನು ಯಾವ ಕಡೆಗೆ ಲೆಕ್ಕ ಹಾಕಿದರು?"

ಕಾಸರಗೋಡಿನ ಗಡಿ ವಿವಾದದ ತಿರುಳೇ ಆ ಪ್ರಶ್ನೆಯಲ್ಲಿದೆ. ತುಳುವರನ್ನು ಕನ್ನಡದ ಜೊತೆ ಎಣಿಸಬೇಕೇ, ಬೇರೆಯಾಗಿಯೇ? ಕೊಂಕಣಿ, ಮರಾಠಿ ಮನೆಮಾತಿನವರು ಕನ್ನಡ ಶಾಲೆಗೆ ಹೋದರೆ ಅವರು ಯಾರು? ಬ್ಯಾರಿ ಮಾತನಾಡುವವರು? ಅವಳ ಪಕ್ಕದಲ್ಲೇ ಕುಳಿತಿದ್ದ ಕೊರಗ ಸಮುದಾಯದ ಹುಡುಗನ ಅಜ್ಜಿಯ ಮಾತು ಯಾವ ಅಂಕಣದಲ್ಲಿ ಬಿತ್ತು? ಈ ನೆಲವನ್ನು ಸಪ್ತಭಾಷಾ ಸಂಗಮಭೂಮಿ ಎಂದು ಪ್ರತಿ ಸಭೆಯ ಸ್ವಾಗತ ಭಾಷಣದಲ್ಲೂ ಹೊಗಳುತ್ತೇವೆ. ಚರಿತ್ರೆ ಕಲಿಸುವಾಗ ಮಾತ್ರ ಎರಡೇ ಭಾಷೆಯ ಕತೆ ಹೇಳುತ್ತೇವೆ.

ಮರುದಿನ ಕರಿಹಲಗೆಯ ಮೇಲೆ ಮೂರು ಅಂಕಣ ಎಳೆದೆ. ಅಮ್ಮನ ಜೊತೆ ಮಾತನಾಡುವ ಭಾಷೆ ಒಂದು, ಓದಿ ಬರೆಯುವ ಭಾಷೆ ಇನ್ನೊಂದು, ಅಂಗಡಿಯಲ್ಲೂ ಬಸ್ಸಿನಲ್ಲೂ ಆಡುವ ಭಾಷೆ ಮತ್ತೊಂದು. ಮಕ್ಕಳು ಒಬ್ಬೊಬ್ಬರಾಗಿ ಬಂದು ಗೆರೆ ಹಾಕಿದರು. ಮೊದಲ ಅಂಕಣದಲ್ಲಿ ತುಳು ಮುಂದಿತ್ತು. ಎರಡನೆಯದರಲ್ಲಿ ಕನ್ನಡಕ್ಕೆ ಎದುರೇ ಇರಲಿಲ್ಲ. ಮೂರನೆಯದರಲ್ಲಿ ಮಲೆಯಾಳ ಬಹಳ ಮೇಲೆ ಹೋಯಿತು. ಯಾರೂ ಸುಳ್ಳು ಬರೆದಿರಲಿಲ್ಲ. ತರಗತಿ ಬದಲಾಗಿರಲಿಲ್ಲ, ಕೇಳಿದ ಪ್ರಶ್ನೆ ಬದಲಾಗಿತ್ತು. ಕೆಲವರು ಒಂದೇ ಅಂಕಣದಲ್ಲಿ ಎರಡು ಭಾಷೆಗೆ ಗೆರೆ ಹಾಕಿ, "ಅಪ್ಪನ ಕಡೆ ಒಂದು, ಅಮ್ಮನ ಕಡೆ ಒಂದು, ಯಾವುದನ್ನು ಬಿಡುವುದು?" ಎಂದು ನನ್ನನ್ನೇ ಕೇಳಿದರು. ಯಾವುದನ್ನೂ ಬಿಡಬೇಡಿ, ಆದರೆ ಜನಗಣತಿಯ ಹಾಳೆಯಲ್ಲಿ ಮಾತೃಭಾಷೆಗೆ ಒಂದೇ ಜಾಗ ಎಂದೆ. ಆ ಒಂದು ಜಾಗದ ಮೇಲೆ ರಾಜ್ಯದ ಗಡಿ ನಿಂತಿದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಪಕ್ಷಪಾತವೆಂದರೆ ಸುಳ್ಳು ಹೇಳುವುದು ಎಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ನಿಜ ಸಂಖ್ಯೆಗಳನ್ನೇ ಕೊಟ್ಟು, ಯಾವ ಅಳತೆಯಲ್ಲಿ ಅಳೆದೆವು ಎಂಬುದನ್ನು ಮುಚ್ಚಿಟ್ಟರೂ ಅದು ಪಕ್ಷಪಾತವೇ. ಎರಡೇ ಕಡೆಗಳಿವೆ ಎಂದು ಮೊದಲೇ ನಿರ್ಧರಿಸಿ ಎರಡಕ್ಕೂ ಸಮಪಾಲು ಹಂಚಿದರೂ ಪಕ್ಷಪಾತವೇ. ಆ ಪಾಲಿನಲ್ಲಿ ನನ್ನ ತರಗತಿಯ ಅರ್ಧದಷ್ಟು ಮಕ್ಕಳಿಗೆ ಜಾಗವಿರಲಿಲ್ಲ.

ಬೇಕಲ ಕೋಟೆಯ ವಿಷಯದಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. ಸುಮಾರು 1650ರಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ಎಂಬುದು ಸಾಮಾನ್ಯವಾಗಿ ಒಪ್ಪಿದ ಮಾತು. ಭೂಮಿಯನ್ನು ಅಳತೆ ಮಾಡಿಸಿ ಕಂದಾಯದ ಶಿಸ್ತು ತಂದವನೆಂದು ಕರ್ನಾಟಕದಲ್ಲಿ ಅವನಿಗೆ ಗೌರವ. ಉತ್ತರ ಮಲಬಾರನ್ನು ಆಳಿದ ಕೋಲತ್ತಿರಿ ಅರಸರ ಕಡೆಯಿಂದ ನೋಡಿದರೆ ಅವನು ಉತ್ತರದಿಂದ ದಂಡು ತಂದು ನೆಲ ಕಸಿದವನು. ಮುಂದೆ ಹೈದರ್, ಟಿಪ್ಪು, 1799ರ ನಂತರ ಈಸ್ಟ್ ಇಂಡಿಯಾ ಕಂಪನಿ. ನಮ್ಮವನೇ, ಹೊರಗಿನವನೇ ಎಂದು ಕೇಳಿದ್ದ ಹುಡುಗಿಗೆ, ಆ ನಾಲ್ಕೂ ಆಡಳಿತಗಳಲ್ಲಿ ಗದ್ದೆ ಬೇಸಾಯ ಮಾಡುತ್ತಿದ್ದವನು ಯಾರಿಗೆ ಕಂದಾಯ ಕಟ್ಟಿದ ಎಂದು ನೋಡಿಕೊಂಡು ಬಾ ಎಂದೆ. ಅವಳು ಟಿಪ್ಪಣಿ ಪುಸ್ತಕದಲ್ಲಿ ಬರೆದದ್ದು: "ಎಲ್ಲರಿಗೂ."

ಇಷ್ಟು ಹೇಳಿದ ಮೇಲೆ, ಎಲ್ಲವೂ ಅವರವರ ದೃಷ್ಟಿಕೋನ ಎಂದು ಕೈ ತೊಳೆದುಕೊಳ್ಳುವವರಿಗೂ ನನ್ನ ವಿರೋಧವಿದೆ. ಕಯ್ಯೂರಿನ ಪಾಠದಲ್ಲಿ ಈ ಮಾತು ಬಂತು. 1941ರ ಮಾರ್ಚ್ 28ರಂದು ರೈತರ ಮೆರವಣಿಗೆಯ ಎದುರು ಸಿಕ್ಕಿದ ಪೊಲೀಸ್ ಸುಬ್ಬರಾಯನ್ ಹೊಳೆಗೆ ಹಾರಿ ಸತ್ತ. ಆ ಪ್ರಕರಣದಲ್ಲಿ 1943ರ ಮಾರ್ಚ್ 29ರಂದು ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಅಬೂಬಕ್ಕರ್ ಈ ನಾಲ್ವರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಕಯ್ಯೂರು ಆಗ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಇವು ಘಟನೆಗಳು, ಇವಕ್ಕೆ ಎರಡು ಕಡೆಗಳಿಲ್ಲ. ಹಾಳೆ ಬರೆಯುವಾಗ, ಸಮತೋಲನಕ್ಕಾಗಿ ಪೊಲೀಸನ ಸಾವಿನ ಸಾಲನ್ನು ಬಿಡೋಣ ಎಂದು ಅಧ್ಯಾಪಕರೊಬ್ಬರು, ಗಲ್ಲಿನ ಸಾಲನ್ನು ಚಿಕ್ಕದಾಗಿಸೋಣ ಎಂದು ಇನ್ನೊಬ್ಬರು ಹೇಳಿದರು. ಎರಡನ್ನೂ ನಾನು ಒಪ್ಪಲಿಲ್ಲ. ಸುಬ್ಬರಾಯನ್ ಕೂಡ ಒಂದು ಮನೆಯ ಮಗ, ಅವನ ಹೆಸರು ಹಾಳೆಯಲ್ಲಿ ಇರಬೇಕು. ಜಮೀನ್ದಾರರ ವಸೂಲಿ, ಪೊಲೀಸರ ದೌರ್ಜನ್ಯ ಆ ಹಳ್ಳಿಯನ್ನು ಎಲ್ಲಿಗೆ ತಂದಿತ್ತು ಎಂಬುದೂ ಇರಬೇಕು. ನಡೆದದ್ದೇನು, ಏಕೆ ನಡೆಯಿತು, ಅದನ್ನು ನಾವು ಹೇಗೆ ನೆನೆಯುತ್ತೇವೆ ಎಂಬ ಮೂರನ್ನು ಬೇರೆ ಬೇರೆ ಶೀರ್ಷಿಕೆಯಲ್ಲಿ ಇಟ್ಟ ಮೇಲೆ ವಾದ ಮೂರನೆಯದಕ್ಕೆ ಸೀಮಿತವಾಯಿತು.

ಇನ್ನು ಗಡಿಯ ಗೆರೆಯಿಂದಾಗಿ ಎರಡೂ ಕಡೆಯಿಂದ ಜಾರಿಹೋದವರು. ಕೇರಳದ ನವೋತ್ಥಾನ, ಅಂದರೆ ಸಮಾಜ ಸುಧಾರಣೆಯ ಎಚ್ಚರ, ಎಂದರೆ ಶ್ರೀನಾರಾಯಣ ಗುರು, ಅಯ್ಯಂಕಾಳಿ, ವೈಕಂ ಸತ್ಯಾಗ್ರಹ ಎಂದು ನನ್ನ ಮಕ್ಕಳು ನಿದ್ದೆಯಲ್ಲೂ ಹೇಳುತ್ತಾರೆ, ಹೇಳಲೇಬೇಕು. ಆದರೆ 1859ರಲ್ಲಿ ಇದೇ ಕಾಸರಗೋಡು ತಾಲೂಕಿನ ಕುದ್ಮುಲ್‌ನಲ್ಲಿ ಹುಟ್ಟಿ, 1890ರ ದಶಕದಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರ ಹೆಸರನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ. ಹುಟ್ಟೂರು ಒಂದು ರಾಜ್ಯಕ್ಕೆ, ಕರ್ಮಭೂಮಿ ಇನ್ನೊಂದಕ್ಕೆ ಹೋದರೆ ಹೀಗಾಗುತ್ತದೆ.

ಕಷ್ಟ ಉಳಿದಿರುವುದು ಪರೀಕ್ಷೆಯಲ್ಲಿ. ತರಗತಿಯಲ್ಲಿ ಎಷ್ಟೇ ಕೆದಕಿದರೂ ಉತ್ತರ ಸೂಚಿ ಒಂದೇ ಉತ್ತರಕ್ಕೆ ಅಂಕ ಕೊಟ್ಟರೆ ಮಕ್ಕಳು ಆ ಒಂದನ್ನೇ ಬಾಯಿಪಾಠ ಮಾಡುತ್ತಾರೆ, ಅವರನ್ನು ದೂರುವಂತಿಲ್ಲ. ನಮ್ಮ ಶಾಲೆಯ ಘಟಕ ಪರೀಕ್ಷೆಗಳಲ್ಲಿ ಈಗ ಒಂದು ಪ್ರಶ್ನೆಯನ್ನಾದರೂ ದಾಖಲೆಯ ತುಣುಕಿನ ಮೇಲೆ ಕೇಳುತ್ತೇನೆ. ತುಣುಕಿನ ಕೆಳಗೆ ಬರೆದವರು ಯಾರು, ಯಾವಾಗ, ಯಾರಿಗಾಗಿ ಎಂಬುದನ್ನು ಕಡ್ಡಾಯವಾಗಿ ಕೊಡುತ್ತೇನೆ. ತೀರ್ಮಾನಕ್ಕೆ ಅಂಕವಿಲ್ಲ, ತೀರ್ಮಾನಕ್ಕೆ ಕೊಟ್ಟ ಆಧಾರಕ್ಕೆ ಅಂಕ. ಕೇರಳಕ್ಕೆ ಸೇರಿದ್ದು ಸರಿ ಎಂದು ಬರೆದವಳಿಗೂ ತಪ್ಪು ಎಂದು ಬರೆದವನಿಗೂ ಈ ಸಲ ಪೂರ್ಣ ಅಂಕ ಬಂದಿದೆ. ಎರಡೂ ವರದಿಗಳನ್ನು ಓದದೆ ಮನೆಯ ಮಾತನ್ನಷ್ಟೇ ಬರೆದವರಿಗೆ, ಅದು ಯಾವ ಮನೆಯ ಮಾತಾದರೂ, ಬಂದಿಲ್ಲ. ಪೋಷಕರೊಬ್ಬರು ಬಂದು ಕೇಳಿದರು. ಉತ್ತರ ಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದೆ. ಅವರು ಒಪ್ಪಿಕೊಂಡು ಹೋದರು ಎಂದು ಹೇಳಲಾರೆ, ಆದರೆ ಮಹಾಜನ್ ವರದಿಯ ಪ್ರತಿ ಬೇಕೆಂದು ಕೇಳಿ ತೆಗೆದುಕೊಂಡು ಹೋದರು.

ಮುಂದಿನ ವರ್ಷದ ಹಾಳೆಗೆ 1956ರ ಹಿಂದುಮುಂದಿನ ಶಾಲೆಗಳ ಕತೆ ಸೇರಿಸುವ ಯೋಚನೆಯಿದೆ. ಮಂಜೇಶ್ವರದಿಂದ ಹೊಸದುರ್ಗದವರೆಗಿನ ಹಳೆಯ ಶಾಲೆಗಳಲ್ಲಿ ಕೆಲಸ ಮಾಡುವ ಅಧ್ಯಾಪಕರಲ್ಲಿ ಒಂದು ಕೋರಿಕೆ: ದಕ್ಷಿಣ ಕನ್ನಡ ಜಿಲ್ಲೆಯ ಕಾಲದ ದಾಖಲಾತಿ ಪುಸ್ತಕ, ತನಿಖಾಧಿಕಾರಿಗಳ ಟಿಪ್ಪಣಿ, ಹಾಜರಿ ಪುಸ್ತಕಗಳು ನಿಮ್ಮ ಕಪಾಟಿನಲ್ಲಿ ಇದ್ದರೆ ಗೆದ್ದಲು ಹಿಡಿಯುವ ಮುನ್ನ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಫೋಟೋ ತೆಗೆದಿಡಿ. ಮಾತೃಭಾಷೆಯ ಅಂಕಣವಿದ್ದರೆ ಆ ಪುಟವನ್ನು ಬಿಡಬೇಡಿ. ಮಕ್ಕಳ ಹೆಸರಿನ ಭಾಗವನ್ನು ಮರೆಮಾಡಿದರೆ ಸಾಕು.