ಕಂಡರೆ ಗುರುತಿಸಬಹುದಾದ 50 ಮಂದಿ

ಪೊಲೀಸ್ ಇಲಾಖೆಯಲ್ಲಿ ನಾನು ಜಾಸ್ತಿ ಕಾಲ ಕೂತದ್ದು ಠಾಣೆಯ ಕಾಗದಪತ್ರ ಬರೆಯುವ ಸ್ಟೇಷನ್ ರೈಟರ್ ಕುರ್ಚಿಯಲ್ಲಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಎಫ್‌ಐಆರ್‌ನಲ್ಲಿ ಮಲಯಾಳ. ಕಾಸರಗೋಡಿನವರಿಗೆ ಇದೇನೂ ವಿಶೇಷವಲ್ಲ.

ನಮ್ಮಲ್ಲಿ ರಸ್ತೆ ತಡೆಯ ಎಫ್‌ಐಆರ್‌ಗೆ ಒಂದು ಮಾಮೂಲಿ ಸಾಲಿದೆ. ಮೊದಲು ನಾಲ್ಕೈದು ಹೆಸರು, ಆಮೇಲೆ ‘ಕಂಡರೆ ಗುರುತಿಸಬಹುದಾದ 50 ಮಂದಿ’. ಗುಂಪಿನಲ್ಲಿ ಎಲ್ಲರ ಹೆಸರೂ ಆ ಕ್ಷಣಕ್ಕೆ ಸಿಗುವುದಿಲ್ಲ. ಹಾಗಾಗಿ ಆ ಸಾಲು ಬರೆಯುವುದರಲ್ಲಿ ತಪ್ಪಿಲ್ಲ. ತೊಂದರೆ ಇರುವುದು ಆಮೇಲೆ ಅದನ್ನು ಯಾರು, ಹೇಗೆ ತುಂಬಿಸುತ್ತಾರೆ ಎಂಬಲ್ಲಿ.

ಒಂದು ಸಲ ಕನ್ನಡ ಮೀಡಿಯಂ ಶಾಲೆಗೆ ಕನ್ನಡ ಬಾರದ ಮಾಷ್ಟ್ರನ್ನು ಹಾಕಿದರು. ಮಕ್ಕಳು ರಸ್ತೆಗಿಳಿದರು, ಅವರ ಜೊತೆ ಕಾಲೇಜಿಗೆ ಹೋಗುವ ಹಳೆ ವಿದ್ಯಾರ್ಥಿಗಳೂ ಸೇರಿದರು. ಸ್ವಲ್ಪ ಹೊತ್ತು ಬಸ್ಸು ನಿಂತಿತು. ತನಿಖೆಯ ಅಧಿಕಾರಿ ವಾಟ್ಸಾಪ್ ಫೋಟೋ ನನ್ನ ಮುಂದಿಟ್ಟು, "ನೀವು ಊರಿನವರಲ್ವಾ, ಹೆಸರು ಹೇಳಿ, ತುಂಬಿಸುವ" ಎಂದರು. ಫೋಟೋದಲ್ಲಿ ಒಬ್ಬ ಹುಡುಗ ಛತ್ರಿ ಹಿಡಿದು ಬಸ್‌ಸ್ಟಾಪಿನಲ್ಲಿ ನಿಂತಿದ್ದ. ಇವನು ಇಲ್ಲಿ ಏನು ಮಾಡ್ತಿದ್ದಾನೆ ಸಾರ್ ಅಂತ ಕೇಳಿದೆ. ಅವರಿಗೆ ಸಿಟ್ಟು ಬಂತು. ಹೆಸರು ಬೇರೆ ಯಾರಿಂದಲೋ ಸಿಕ್ಕಿತು.

ಕೇರಳದ ಪೊಲೀಸನಿಗೆ ರಾಜನ್ ಪ್ರಕರಣ ಗೊತ್ತಿಲ್ಲ ಅಂತಿಲ್ಲ. 1976ರ ಮಾರ್ಚ್ 1ರಂದು ಕಲ್ಲಿಕೋಟೆಯ ಇಂಜಿನಿಯರಿಂಗ್ ಕಾಲೇಜಿನಿಂದ ಹಿಡಿದೊಯ್ದ ವಿದ್ಯಾರ್ಥಿ ರಾಜನ್ ಕಕ್ಕಯಂ ಪೊಲೀಸ್ ಕ್ಯಾಂಪಿನಿಂದ ವಾಪಸ್ ಬರಲಿಲ್ಲ. ತಂದೆ ಈಚರ ವಾರಿಯರ್ ಹೈಕೋರ್ಟಿಗೆ ಹೋದರು, 1977ರಲ್ಲಿ ಮುಖ್ಯಮಂತ್ರಿ ಕರುಣಾಕರನ್ ರಾಜೀನಾಮೆ ಕೊಡಬೇಕಾಯಿತು. ಹಾಗಾಗಿ ಹೊಡೆತದ ಬಗ್ಗೆ ಎಲ್ಲರಿಗೂ ಒಂದು ಹೆದರಿಕೆ ಇದೆ. ಕಾಗದದ ಬಗ್ಗೆ ಯಾರಿಗೂ ಇಲ್ಲ.

ತಳ್ಳಾಟದಲ್ಲಿ ಸಮವಸ್ತ್ರದ ಗುಂಡಿ ಕಿತ್ತುಬಂದರೆ ಸಾಕು, ಕೇಸು ಗಟ್ಟಿಯಾಗಲಿ ಅಂತ ಹಳೆ ದಂಡ ಸಂಹಿತೆಯ 353, ಅಂದರೆ ಕರ್ತವ್ಯದಲ್ಲಿದ್ದ ಸರ್ಕಾರಿ ನೌಕರನ ಮೇಲೆ ಹಲ್ಲೆಯ ಸೆಕ್ಷನ್, ಸೇರಿಸುವವರಿದ್ದರು. ಆಗ ಠಾಣೆಯಲ್ಲೇ ಜಾಮೀನು ಸಿಗುವ ಕೇಸು ಕೋರ್ಟಿಗೆ ಹೋಗುತ್ತದೆ. ಹೇಳಿಕೆ ಬರೆದು "ಇಲ್ಲಿ ಸೈನ್ ಹಾಕು" ಅನ್ನುತ್ತಾರೆ. ತನಿಖೆಯಲ್ಲಿ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿ ಹಾಕಿಸಲೇಬಾರದು ಅಂತ ಕಾನೂನು ಇದೆ, ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಮಲಯಾಳ ಓದಲು ಬಾರದ ಹುಡುಗ ಹೆದರಿ ಹಾಕುತ್ತಾನೆ. ಏಳು ವರ್ಷದವರೆಗಿನ ಶಿಕ್ಷೆಯ ಕೇಸಿನಲ್ಲಿ ಸುಮ್ನೆ ಬಂಧಿಸಬೇಡಿ, ನೋಟಿಸು ಕೊಟ್ಟು ಕರೆಯಿರಿ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಹದಿನೆಂಟು ತುಂಬದವರನ್ನಂತೂ ಲಾಕಪ್ಪಿನಲ್ಲಿ ಇಡುವ ಹಾಗೇ ಇಲ್ಲ. ನೋಟಿಸು ಬರೆಯಲು ಹತ್ತು ನಿಮಿಷ ಬೇಕು, ಫೋನ್ ಮಾಡಿ "ಠಾಣೆಗೆ ಬಾ" ಅನ್ನುವುದು ಸುಲಭ, ಅಷ್ಟೇ ಕಾರಣ.

ಛತ್ರಿ ಹುಡುಗನ ಮೇಲೆ ಚಾರ್ಜ್‌ಶೀಟ್ ಆಯಿತು. ಮುಂದೆ ಗಲ್ಫಿನಲ್ಲಿ ಕೆಲಸ ಸಿಕ್ಕಿದಾಗ ಪೊಲೀಸ್ ಕ್ಲಿಯರೆನ್ಸ್, ಅಂದರೆ ಮೇಲೆ ಕೇಸಿಲ್ಲ ಅನ್ನುವ ಪತ್ರ, ಸಿಗಲಿಲ್ಲ. ನಮ್ಮ ಜಿಲ್ಲೆಯಲ್ಲಿ ಆ ಕಾಗದಕ್ಕೆ ಎಷ್ಟು ಬೆಲೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೇಸು ಕೊನೆಗೆ ಬಿದ್ದುಹೋಯಿತು, ಇವನನ್ನು ರಸ್ತೆಯಲ್ಲಿ ಕಂಡೆ ಅನ್ನುವ ಸಾಕ್ಷಿಯೇ ಇರಲಿಲ್ಲ. ಅಷ್ಟರಲ್ಲಿ ಆ ಕೆಲಸ ಬೇರೆಯವರಿಗೆ ಹೋಗಿತ್ತು.

ಕೇಸು ಬಾಕಿ ಇದ್ದರೂ ಕೋರ್ಟಿನ ಅನುಮತಿ ಪಡೆದು ಪಾಸ್‌ಪೋರ್ಟ್ ಮಾಡಿಸಬಹುದು. ಕೇಂದ್ರ ಸರ್ಕಾರದ 1993ರ ಅಧಿಸೂಚನೆ ಇದೆ. ಇದನ್ನು ಹುಡುಗರಿಗೆ ತಿಳಿಸುವುದೂ ತನಿಖಾಧಿಕಾರಿಯ ಕೆಲಸವೇ ಅಂತ ನಾನು ಕ್ಯಾಂಟೀನಿನಲ್ಲಿ ವಾದ ಮಾಡುತ್ತಿದ್ದೆ. "ನೀವು ಪೊಲೀಸಾ, ವಕೀಲರಾ?" ಅಂತ ನಗುತ್ತಿದ್ದರು.